ಉಂಡ ಮನೆಯ ಜಂತಿ

ಗೊಲ್ಲಾಳಮ್ಮನ ಮನೆಯಲ್ಲಿ ಇಲ್ಲದ ಸಾಮಾನು ಬಹಳ. ಆದರೆ 'ಇಲ್ಲ' ಅನ್ನುವ ಮಾತು ಹೊಸ್ತಿಲು ದಾಟಿ ಹೊರಗೆ ಹೋಗಕೂಡದು ಅಂತ ಅವಳದೊಂದು ಕಾಯಿದೆ ಇತ್ತು. ಸಕ್ಕರೆ ಮುಗಿದಾಗ ಯಾರಾದರೂ ಬಂದರೆ, ನಮ್ಮ ಮನೆಯವರಿಗೆ ಸಿಹಿ ಚಹಾ ಸೇರುವುದಿಲ್ಲ ಅನ್ನಬೇಕು. ಪಲ್ಯಕ್ಕೆ ಗತಿ ಇಲ್ಲದ ದಿನ, ಬಾಯಿಗೆ ರುಚಿ ಅಂತ ಬರೀ ಖಾರಪುಡಿ ಹಚ್ಚಿಕೊಂಡು ರೊಟ್ಟಿ ತಿಂದೆವು ಅನ್ನಬೇಕು. ಎಣ್ಣೆ ತೀರಿದ ವಾರ ಇಡೀ ಮನೆಗೆ ಪಿತ್ತ ಆಗಿರಬೇಕು. ಸೊಸೆ ಸುನಿತಾ ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನೆಲ್ಲ ನಂಬಿ ಅತ್ತೆಯ ಪಿತ್ತಕ್ಕೆ ಕಷಾಯ ಕಾಸಿ ಕೊಟ್ಟಿದ್ದಳು. ಈಗ ಹತ್ತು ವರ್ಷವಾಗಿತ್ತು, ನಂಬುವುದನ್ನು ಬಿಟ್ಟಿದ್ದಳು.

ಮನೆ ಅಂದರೆ ಒಂದೇ ಕೋಣೆ, ಮೇಲೆ ತಗಡು, ತಗಡಿನ ಕೆಳಗೆ ಎರಡು ಜಂತಿ. ಶಹಾಪುರದಿಂದ ಸುರಪುರದ ಕಡೆ ಹೋಗುವ ಬಸ್ಸು ಹತ್ತಿ, ಕಾಲುವೆಯ ಹತ್ತಿರ ಇಳಿದು ಎರಡು ಮೈಲಿ ನಡೆದರೆ ಅವರ ಊರು. ಕಾಲುವೆಯ ಈಚೆ ಹೊಲವಿದ್ದವರು ಭತ್ತ ಹಾಕುತ್ತಿದ್ದರು, ಆಚೆ ಇದ್ದವರು ಹತ್ತಿ. ಗೊಲ್ಲಾಳಮ್ಮನ ಮನೆಯವರಿಗೆ ಯಾವ ಕಡೆಯೂ ಹೊಲ ಇರಲಿಲ್ಲ, ಹೀಗಾಗಿ ಎರಡೂ ಕಡೆ ಕೂಲಿ ಸಿಗುತ್ತಿತ್ತು. ಈಗ ಆ ಕೂಲಿಗೆ ಹೋಗುವವಳು ಸುನಿತಾ ಒಬ್ಬಳೇ. ಗೊಲ್ಲಾಳಮ್ಮನಿಗೆ ವಯಸ್ಸು ಎಪ್ಪತ್ತಕ್ಕೆ ಬಂದಿತ್ತು, ಮಗ ಶಾಂತಪ್ಪನ ಕಾಲು ಮುರಿದಿತ್ತು.

ಮೂವರೂ ಆರು ವರ್ಷ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಅಲ್ಲಿ ಶಾಂತಪ್ಪ ಸೆಂಟ್ರಿಂಗ್ ಹಲಗೆಗಳ ಮೇಲಿಂದ ಬಿದ್ದ. ಎಡಗಾಲಿಗೆ ಹಾಕಿದ ರಾಡು ಊರಿಗೆ ಬಂದ ಮೇಲೆ ಒಳಗೊಳಗೇ ಸರಿದು ಕೂತಿತು. ಕಲಬುರಗಿಯ ಡಾಕ್ಟರು ನೋಡಿ, ಇನ್ನೊಮ್ಮೆ ಆಪರೇಶನ್ ಆಗಬೇಕು, ಎಳ್ಳಮಾಸಿ ಅಂದರೆ ಎಳ್ಳು ಅಮಾವಾಸ್ಯೆಯೊಳಗೆ ಆಗದಿದ್ದರೆ ಎಲುಬು ಸೊಟ್ಟಗೆ ಕೂಡಿಕೊಂಡು ಈ ಮನುಷ್ಯ ಮುಂದೆ ಭಾರ ಎತ್ತುವ ಹಾಗಿಲ್ಲ ಅಂದರು. ರೇಷನ್ ಕಾರ್ಡು ಇದ್ದವರಿಗೆ ಆಪರೇಶನ್ ಪುಕ್ಕಟೆ. ಕಾರ್ಡು ಇಲ್ಲದವರಿಗೆ ಎಷ್ಟಾಗುತ್ತದೆ ಅಂತ ಕೇಳಿದ ಶಾಂತಪ್ಪ ಅದೇ ಮುರುಕು ಕಾಲಲ್ಲಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದ. ಇವರ ಕಾರ್ಡು, ಆರು ವರ್ಷ ಯಾರೂ ಅಕ್ಕಿ ಎತ್ತಲಿಲ್ಲ ಅಂತ, ಎಂದೋ ರದ್ದಾಗಿ ಹೋಗಿತ್ತು.

ಇಂಥ ಹೊತ್ತಿನಲ್ಲಿ ಚಂದ್ರಕಲಾ ಅನ್ನುವವಳು ಸ್ಕೂಟಿ ಮೇಲೆ ಬಂದಳು. ಶಹಾಪುರದ ಒಂದು ಸಂಸ್ಥೆಯ ಕೆಲಸ ಅವಳದು. ಯಾರಿಗೆ ಪಿಂಚಣಿ ಬರಬೇಕು, ಯಾರ ಮನೆಯಲ್ಲಿ ಕಾರ್ಡಿಲ್ಲ ಅಂತ ಊರೂರು ಹುಡುಕಿ ಅರ್ಜಿ ಹಾಕಿಸುತ್ತಿದ್ದಳು. ಹತ್ತಿ ಬಿಡಿಸುವ ಹೊಲದಲ್ಲಿ ಸುನಿತಾಳ ಕಥೆ ಕೇಳಿ ನೆಟ್ಟಗೆ ಮನೆಗೇ ಬಂದು, ಕಟ್ಟೆಯ ಮೇಲೆ ಕೂತು, ದೊಡ್ಡದೊಂದು ಕಾಗದ ಬಿಚ್ಚಿದಳು.

"ದಿನಕ್ಕ ಎಷ್ಟ ಸಲ ಊಟ ಮಾಡ್ತೀರಿ, ಆಯಿ?"

"ಹಸಿವಿ ಆದಾಗೆಲ್ಲ," ಅಂದಳು ಗೊಲ್ಲಾಳಮ್ಮ.

"ಎರಡ ಸಲ," ಅಂತ ಒಳಗಿನಿಂದ ಸುನಿತಾ ಹೇಳಿದಳು.

"ನಮಗ ಹಸಿವಿ ಆಗೂದ ಎರಡ ಸಲ," ಅಂದಳು ಗೊಲ್ಲಾಳಮ್ಮ.

"ದನಾ, ಎಮ್ಮಿ ಏನರ ಅದಾವೇನು?"

"ಎರಡ ಎಮ್ಮಿ."

ಚಂದ್ರಕಲಾ ಅಂಗಳ ನೋಡಿದಳು. ಅಲ್ಲಿ ಗೂಟ ಕೂಡ ಇರಲಿಲ್ಲ. ಎಮ್ಮೆ ಎಲ್ಲಿ ಅಂತ ಕೇಳಿದ್ದಕ್ಕೆ ಗೊಲ್ಲಾಳಮ್ಮ, ನಮ್ಮ ಮಾವ ಬದುಕಿದ್ದಾಗ ಮಾರಿದೆವು ಅಂದಳು. ಮಾವ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಚಂದ್ರಕಲಾ ಕಾಗದದಲ್ಲಿ ಬರೆದುಕೊಂಡ ಎಮ್ಮೆಯನ್ನು ಹೊಡೆದುಹಾಕಿ, ಪೆನ್ನಿಗೆ ಟೊಪ್ಪಿಗೆ ಹಾಕಿ, ಮುದುಕಿಯ ಕಡೆ ತಿರುಗಿ ಕೂತಳು.

"ಆಯಿ, ನಾ ನಿಮ್ಮ ಮರ್ಯಾದಿ ಬರ್ಕೊಂಡು ಹೋಗಾಕ ಬಂದಿಲ್ಲ. ಶಾಂತಪ್ಪಣ್ಣನ ಕಾಲಿನ ಸಲುವಾಗಿ ಬಂದೀನಿ."

ಕಾಲಿನ ಮಾತು ಬಂದ ಮೇಲೆ ಗೊಲ್ಲಾಳಮ್ಮ ಮೆತ್ತಗಾದಳು. ಕೇಳಿದ್ದಕ್ಕೆಲ್ಲ ಹ್ಞೂಂ ಅಂದು, ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿದಳು. ಆದರೆ ಎರಡೇ ಸಲ ಉಣ್ಣುತ್ತೇವೆ ಅಂತ ಸೊಸೆ ಪರರ ಮುಂದೆ ಆಡಿದ್ದು ಅವಳ ಹೊಟ್ಟೆಯಲ್ಲಿ ಮುಳ್ಳಾಗಿ ಉಳಿಯಿತು. ಅವತ್ತು ಸಂಜೆ ಸುನಿತಾ ರೊಟ್ಟಿ ಬಡಿಯುವಾಗ, ತನ್ನ ಕಾಲದಲ್ಲಿ ಸೊಸೆಯರಿಗೆ ಬಾಯಿ ಇರಲಿಲ್ಲ ಅಂತ ಒಲೆಗೆ ಹೇಳಿದಳು. ನಿಮ್ಮ ಕಾಲದಾಗ ಎಮ್ಮಿ ಇದ್ವಲ್ಲ, ಬಾಯಿ ಯಾಕ ಬೇಕಿತ್ತು ಅಂತ ಸುನಿತಾ ರೊಟ್ಟಿಗೆ ಹೇಳಿದಳು. ಶಾಂತಪ್ಪ ಹೊರಸಿನ ಮೇಲೆ ಬಿದ್ದುಕೊಂಡು ತಗಡು ನೋಡಿದ. ಹೆಂಡತಿ ತಾಯಿಯ ನಡುವೆ ಮಾತು ಹತ್ತಿದಾಗ ತಗಡು ನೋಡುವುದನ್ನು ಅವನು ಬಹಳ ದಿನದಿಂದ ರೂಢಿ ಮಾಡಿಕೊಂಡಿದ್ದ.

ಎರಡು ವಾರದ ಮೇಲೆ ಚಂದ್ರಕಲಾಳ ಫೋನು ಬಂತು. ಗುರುವಾರ ತಾಲೂಕಿನಿಂದ ಒಬ್ಬ ಸಾಹೇಬರು ಮನೆ ನೋಡಲು ಬರುತ್ತಾರೆ, ಅವರು ಬರೆದದ್ದರ ಮೇಲೆ ಕಾರ್ಡು. ಅವತ್ತೇ ಮುಂಜಾನೆ ಸುನಿತಾ ಡಾಕ್ಟರ ಕಾಗದಗಳ ಝರಾಕ್ಸ್ ಮಾಡಿಸಲು ಶಹಾಪುರಕ್ಕೆ ಹೋಗಬೇಕಾಗಿತ್ತು. ಹತ್ತು ಗಂಟೆಯೊಳಗೆ ತಿರುಗಿ ಬರುತ್ತೇನೆ ಅಂದಳು. ಹೊರಡುವಾಗ ಹೊಸ್ತಿಲಲ್ಲಿ ನಿಂತು, "ಅತ್ತಿ, ಇದ್ದದ್ದು ಇದ್ದಂಗ ತೋರಸ್ರಿ. ನೀವು ಏನೂ ಮಾಡಾಕ ಹೋಗಬ್ಯಾಡ್ರಿ," ಅಂತ ಎರಡು ಸಲ ಹೇಳಿದಳು.

ಎಂಟು ಗಂಟೆಯವರೆಗೆ ಗೊಲ್ಲಾಳಮ್ಮ ಏನೂ ಮಾಡಲಿಲ್ಲ, ಸೊಸೆಯ ಮಾತು ಪಾಲಿಸಿದಳು. ಆಮೇಲೆ ಬಾಗಿಲಿಗೆ ಹೋಗಿ ನಿಂತು, ಬರುವವರ ಕಣ್ಣಿನಿಂದ ಒಳಗೆ ನೋಡಿದಳು. ನೋಡಬಾರದಿತ್ತು. ಹಗ್ಗದ ಮೇಲೆ ಸುನಿತಾಳ ತೇಪೆ ಹಚ್ಚಿದ ಲಂಗ, ಮೂಲೆಯಲ್ಲಿ ಚಿಂದಿ ಹೊರಗೆ ಬಂದ ಕೌದಿ, ಸೋರುವ ಕೊಡದ ಕೆಳಗೆ ಒಂದು ಡಬ್ಬಿ. ಅವಳಿಗೆ ನಾಚಿಕೆಯಾಯಿತು. ಬಡತನ ರೂಢಿಯಾಗಿ ಹೋಗಿತ್ತು, ಅದಕ್ಕೇನು ನಾಚಿಕೆ. ಮನೆಗೆ ಬಂದ ಮನುಷ್ಯನನ್ನು ಎಲ್ಲಿ ಕೂರಿಸುವುದು ಅನ್ನುವುದು ಅವಳ ನಾಚಿಕೆ. ಗೋಡೆ ಆಚೆಯ ಮಸ್ತಾನಬಿಯನ್ನು ಕರೆದು, ಒಂದೇ ಒಂದು ಕುರ್ಚಿ ಕೊಡು, ಗಳಿಗೆ ಹೊತ್ತಿನಲ್ಲಿ ತಿರುಗಿ ಕೊಡುತ್ತೇನೆ ಅಂದಳು.

ಇಲ್ಲಿ ಆ ಓಣಿಯ ಪದ್ಧತಿ ಸ್ವಲ್ಪ ಹೇಳಬೇಕು. ಅಲ್ಲಿ ಯಾರ ಮನೆಗೆ ಕನ್ಯೆ ನೋಡಲು ಬಂದರೂ ಸಾಮಾನು ಇಡೀ ಓಣಿಯದು. ಒಬ್ಬರ ಮನೆಯ ಕುರ್ಚಿ, ಇನ್ನೊಬ್ಬರ ಸ್ಟೀಲಿನ ತಾಟು, ಮತ್ತೊಬ್ಬರ ಚಾದರ ಎಲ್ಲ ಒಂದು ಕಡೆ ಬಂದು ಕೂಡುತ್ತಿದ್ದವು. ಯಾವುದು ಯಾರದು ಅಂತ ಅವತ್ತೊಂದು ದಿನ ಯಾರೂ ಬಾಯಿ ಬಿಡುವ ಹಾಗಿಲ್ಲ. ಮಸ್ತಾನಬಿಯ ಗೋಡೆ ಗಡಿಯಾರವೊಂದೇ ಆ ಓಣಿಯ ಹನ್ನೊಂದು ಹೆಣ್ಣುಮಕ್ಕಳ ಲಗ್ನ ಮಾಡಿಸಿತ್ತು. ಅದು ನಡೆಯುತ್ತಿರಲಿಲ್ಲ, ಆದರೆ ಬೀಗರಾಗಲು ಬಂದವರು ಗಡಿಯಾರದಲ್ಲಿ ಹೊತ್ತು ನೋಡುತ್ತಾರೆಯೇ? ಸಾಹೇಬರು ಮನೆ ನೋಡಲು ಬರುತ್ತಾರೆ ಅಂದ ಕೂಡಲೇ ಮಸ್ತಾನಬಿ ಒಂದು ಕುರ್ಚಿ ಕೊಟ್ಟು ಸುಮ್ಮನಿರುವ ಹೆಂಗಸಲ್ಲ. ಸೆರಗು ಸಿಕ್ಕಿಸಿಕೊಂಡು ಓಣಿಗೆ ಇಳಿದಳು.

ಒಂಬತ್ತೂವರೆಗೆಲ್ಲ ಎರಡು ಕುರ್ಚಿ, ಒಂದು ಟೇಬಲ್ ಫ್ಯಾನು, ಹೊಳೆಯುವ ಆರು ಕೊಡ, ಗಡಿಯಾರ ಬಂದವು. ಮಸ್ತಾನಬಿಯ ಟಿವಿಯನ್ನು ಇಬ್ಬರು ಹೆಂಗಸರು ಕೂಸಿನ ಹಾಗೆ ಕೌದಿಯಲ್ಲಿ ಸುತ್ತಿಕೊಂಡು ತಂದರು. ಗೊಲ್ಲಾಳಮ್ಮನ ಮನೆಯಲ್ಲಿ ಒಂದು ಬಲ್ಬು ಬಿಟ್ಟರೆ ಪ್ಲಗ್ಗು ಅನ್ನುವುದೇ ಇರಲಿಲ್ಲ, ಹೀಗಾಗಿ ಟಿವಿಯ ಮೇಲೆ ಕಸೂತಿ ಬಟ್ಟೆ ಹೊದಿಸಿದರು. ಎದುರು ಮನೆಯ ಮರಿಲಿಂಗಪ್ಪ ತಾನಾಗಿ ಬಂದು, ಬಾಗಿಲಲ್ಲಿ ಗಾಡಿ ಇದ್ದರೆ ಮನೆಗೊಂದು ಕಳೆ ಅಂತ ಹೇಳಿ ತನ್ನ ಮೋಟರ್ ಸೈಕಲ್ಲನ್ನು ಕಟ್ಟೆಗೆ ತಾಗಿಸಿ ನಿಲ್ಲಿಸಿದ. ಮಸ್ತಾನಬಿ ತುಪ್ಪ ಕೊಟ್ಟಳು, ಇನ್ಯಾರೋ ರವೆ ಕೊಟ್ಟರು, ಗೊಲ್ಲಾಳಮ್ಮ ಶಿರಾ ಮಾಡಿದಳು. ತುಪ್ಪದ ವಾಸನೆಗೆ ಓಣಿಯ ಬೆಕ್ಕುಗಳೆಲ್ಲ ಬಂದು ಕೂತವು.

ಉಳಿದವನು ಶಾಂತಪ್ಪ. ಅವನಿಗೆ ಮಸ್ತಾನಬಿಯ ಮಗನ ಇಸ್ತ್ರಿ ಅಂಗಿ ತೊಡಿಸಿ, ಹೊರಸಿನ ಮೇಲೆ ಗೋಡೆಗೆ ಆನಿಸಿ ಕೂರಿಸಿದರು. ಪಟ್ಟಿ ಸುತ್ತಿದ ಕಾಲು ಮಾತ್ರ ಮುಂದೆ ಚಾಚಿಕೊಂಡು ಎಲ್ಲದರ ಅಂದ ಕೆಡಿಸುತ್ತಿತ್ತು. ಗೊಲ್ಲಾಳಮ್ಮ ಗುಲಾಬಿ ಹೂವಿನ ಚಾದರ ತಂದು ಸೊಂಟದಿಂದ ಪಾದದವರೆಗೆ ಹೊದಿಸಿದಳು.

"ಯವ್ವಾ, ಸುನಿತಾ ಬಂದು ಇದನ್ನ ನೋಡಿದ್ರ ನನ್ನ ಇನ್ನೊಂದು ಕಾಲೂ ಮುರೀತಾಳ," ಅಂದ ಶಾಂತಪ್ಪ.

"ಮಂದಿ ಮುಂದ ಹೆಂಡತಿ ಹೆಸರು ತಗೀಬ್ಯಾಡ, ಸುಮ್ನ ಕುಂದರು," ಅಂದಳು ತಾಯಿ.

ಸುನಿತಾಳ ಬಸ್ಸು ತಪ್ಪಿತು, ಸಾಹೇಬರ ಗಾಡಿ ತಪ್ಪಲಿಲ್ಲ. ಸಂಜೀವಕುಮಾರ ಅಂತ ಅವರ ಹೆಸರು, ಮೂವತ್ತರ ಆಚೀಚೆಯ ಮನುಷ್ಯ. ಮುಂಜಾನೆಯಿಂದ ಆರು ಮನೆ ತಿರುಗಿ ಬಿಸಿಲಿಗೆ ಬಾಡಿದ್ದರು, ಯಾವ ಮನೆಯಲ್ಲೂ ಒಂದು ಗುಟುಕು ನೀರು ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ಕುರ್ಚಿ ನೋಡಿ ಕೂತರು, ಶಿರಾ ನೋಡಿ ಮುಖ ಅರಳಿತು. ಒಂದು ಕೈಯಲ್ಲಿ ತಾಟು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಗೋಡೆಯ, ಟಿವಿಯ, ಹೊರಗಿನ ಗಾಡಿಯ ಫೋಟೋ ತೆಗೆದುಕೊಂಡರು.

"ಟಿವಿ ನಿಮ್ದೇನ್ರಿ, ಅಮ್ಮಾ?"

ಬಾಗಿಲಲ್ಲಿ ಮಸ್ತಾನಬಿ ನಿಂತಿದ್ದಳು, ಅವಳ ಹಿಂದೆ ಅರ್ಧ ಓಣಿ. ಎಲ್ಲರೂ ಇಷ್ಟು ಅಭಿಮಾನದಿಂದ ಹೊತ್ತು ತಂದಿಟ್ಟ ಸಾಮಾನನ್ನು ಪರರದು ಅನ್ನಲು ಗೊಲ್ಲಾಳಮ್ಮನ ನಾಲಿಗೆ ಏಳಲಿಲ್ಲ. "ಹೌದ್ರಿ," ಅಂದಳು.

"ಗಾಡಿ?"

"ಹೌದ್ರಿ. ಇನ್ನಷ್ಟು ಶಿರಾ ಹಾಕ್ಲೇನ್ರಿ?"

ಸಾಹೇಬರು ಹಾಕಿಸಿಕೊಂಡರು. ಮಗನಿಗೆ ಕಾಲಿನ ತೊಂದರೆ ಅಂತ ಅರ್ಜಿಯಲ್ಲಿ ಬರೆದಿದೆಯಲ್ಲ, ಏನಾಗಿದೆ ಅಂತ ಕೇಳಿದರು. ಶಾಂತಪ್ಪ ಬಾಯಿ ತೆರೆದ. ಆದರೆ ನೋಡಲು ಬಂದವರ ಮುಂದೆ ಮನೆಯ ಬೇನೆ ಬೇಸರಿಕೆ ಹೇಳುವ ಪದ್ಧತಿ ಆ ಓಣಿಯಲ್ಲಿ ಇಲ್ಲ. ಅವನಿಗಿಂತ ಮೊದಲೇ ಗೊಲ್ಲಾಳಮ್ಮ, "ಸ್ವಲ್ಪ ಉಳುಕ್ಯಾದ್ರಿ, ಆರಾಮಾಗ್ತಾನ," ಅಂದುಬಿಟ್ಟಳು. ಸಂಜೀವಕುಮಾರ ಕೈ ತೊಳೆದು, ಮನೆ ಬಹಳ ಚಂದ ಇಟ್ಟಿದ್ದೀರಿ ಅಂತ ಹೊಗಳಿ ಹೊರಟುಹೋದರು. ಓಣಿಯ ಹೆಂಗಸರು ಉಳಿದ ಶಿರಾ ಹಂಚಿಕೊಂಡು, ಇಂಥ ಮನುಷ್ಯ ಕಾರ್ಡು ಕೊಡದೆ ಇರುವುದಿಲ್ಲ ಅಂತ ಒಮ್ಮತಕ್ಕೆ ಬಂದರು.

ಸುನಿತಾ ಬಂದಾಗ ಒಂದು ಗಂಟೆ. ಬಾಗಿಲ ಗಾಡಿ ನೋಡಿ ಬೇರೆಯವರ ಮನೆಗೆ ಬಂದೆನೇನೋ ಅಂತ ಎರಡು ಹೆಜ್ಜೆ ಹಿಂದೆ ಸರಿದಳು. ಒಳಗೆ ಬಂದು ಗಡಿಯಾರ ನೋಡಿದಳು, ಫ್ಯಾನು ನೋಡಿದಳು, ಗುಲಾಬಿ ಹೂವಿನ ಕೆಳಗೆ ಕಣ್ಣು ಮುಚ್ಚಿಕೊಂಡು ಕೂತ ಗಂಡನನ್ನು ನೋಡಿದಳು. ಕುರ್ಚಿಯ ಮೇಲೆ ಕುಸಿದು ಕೂತು, ಬಂದಿದ್ದರಾ ಅಂತ ಕೇಳಿದಳು. ಬಂದಿದ್ದರು, ಎರಡು ಸಲ ಶಿರಾ ಹಾಕಿಸಿಕೊಂಡರು ಅಂತ ಗೊಲ್ಲಾಳಮ್ಮ ಹೆಮ್ಮೆಯಿಂದ ಹೇಳಿದಳು.

"ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವ," ಅಂದಳು ಸುನಿತಾ. "ಬಡವರು ಹೌದೋ ಅಲ್ಲೋ ನೋಡಾಕ ಬಂದಿದ್ರು, ಅತ್ತಿ. ನಿಮ್ಮ ಮಗನ್ನ ಲಗ್ನಕ್ಕ ನೋಡಾಕ ಬಂದಿದ್ದಿಲ್ಲ."

ಅವತ್ತು ನಡೆದ ಜಗಳ ಕಾಲುವೆಯ ಆಚೆ ಹತ್ತಿ ಬಿಡಿಸುವವರಿಗೂ ಕೇಳಿಸಿತು ಅಂತ ಜನ ಹೇಳುತ್ತಾರೆ. ಅತ್ತೆ ಬಂದವರಿಗೆ ಮರ್ಯಾದೆ ಮಾಡುವುದು ತಪ್ಪೇ ಅಂತ ಕೇಳಿದಳು. ಸೊಸೆ ಆ ಮರ್ಯಾದೆಯನ್ನು ಮಗನ ಕಾಲಿಗೆ ಕಟ್ಟಿ ನಡೆಸಿರಿ ಅಂದಳು. ಅತ್ತೆ ನನ್ನ ಮನೆಯಲ್ಲಿ ನನಗೆ ಕಲಿಸಬೇಡ ಅಂದಳು. ಸೊಸೆ ಈ ಮನೆಯಲ್ಲಿ ನಿಮ್ಮದು ಯಾವುದು, ಟಿವಿಯೋ ಫ್ಯಾನೋ ಅಂದಳು. ಮಸ್ತಾನಬಿ ಸಪ್ಪಳಾಗದ ಹಾಗೆ ಬಂದು ತನ್ನ ಗಡಿಯಾರ ಇಳಿಸಿಕೊಂಡು ಹೋದಳು.

ಹದಿನಾರು ದಿನದ ಮೇಲೆ ಚಂದ್ರಕಲಾ ಬಂದಳು. ಈ ಸಲ ಕಟ್ಟೆಯ ಮೇಲೆ ಕೂಡಲಿಲ್ಲ, ನಿಂತುಕೊಂಡೇ ಮೊಬೈಲು ನೋಡಿ ಓದಿದಳು. ಟಿವಿ ಇದೆ, ಫ್ಯಾನು ಇದೆ, ದ್ವಿಚಕ್ರ ವಾಹನ ಇದೆ, ಕುಟುಂಬ ಅನುಕೂಲಸ್ಥ, ಅರ್ಜಿ ತಿರಸ್ಕೃತ. ಅನುಕೂಲಸ್ಥ! ನಾಲ್ಕು ತಲೆಮಾರಿನಲ್ಲಿ ಆ ಮನೆಯನ್ನು ಯಾರೂ ಹಾಗೆ ಕರೆದಿರಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಗೊಲ್ಲಾಳಮ್ಮನ ಎದೆ ಒಂದು ಕ್ಷಣ ಉಬ್ಬಿತು. ಆಮೇಲೆ ಮಗನ ಮುಖ ಕಣ್ಣಿಗೆ ಬಿತ್ತು. ಅವನು ತಗಡನ್ನು ನೋಡುತ್ತಿರಲಿಲ್ಲ, ತನ್ನ ಕಾಲನ್ನು ನೋಡುತ್ತಿದ್ದ.

"ಉಂಡ ಮನಿ ಜಂತಿ ಎಣಿಸಬಾರದು ಅಂತಾರ," ಅಂದಳು ಗೊಲ್ಲಾಳಮ್ಮ, ದನಿ ಅಷ್ಟು ಗಟ್ಟಿ ಇರಲಿಲ್ಲ. "ಆ ಸಾಹೇಬ ಬಾಯಾಗ ಶಿರಾ ಇಟ್ಕೊಂಡ ಎಣಿಸ್ಯಾನ."

"ಎಣಿಸಾಕಂತನ ಬಂದಿದ್ದ. ಅದು ಅವನ ನೌಕರಿ," ಅಂದಳು ಸುನಿತಾ.

ಅದೇ ಕಡೆಯ ಮಾತು. ಆಮೇಲೆ ಸುನಿತಾ ಅತ್ತೆಯ ಜೊತೆ ಮಾತು ಬಿಟ್ಟಳು. ಒಂದೇ ಕೋಣೆಯ ಮನೆಯಲ್ಲಿ ಮಾತು ಬಿಡುವುದು ಸುಲಭದ ಕೆಲಸವಲ್ಲ, ಆದರೆ ಸುನಿತಾ ಹಟಮಾರಿ. ಹೇಳುವುದನ್ನೆಲ್ಲ ಗಂಡನ ಕಡೆಯಿಂದ ಹೇಳಿಸುತ್ತಿದ್ದಳು. ಅನುಕೂಲಸ್ಥರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳ್ರಿ ಅನ್ನುತ್ತಿದ್ದಳು. ಬೇಡ ಅಂತ ಹೇಳು, ನನಗೆ ಹಸಿವಿಲ್ಲ ಅಂತ ಗೊಲ್ಲಾಳಮ್ಮನೂ ಮಗನಿಗೇ ಹೇಳುತ್ತಿದ್ದಳು. ಕೈಯಳತೆ ದೂರದಲ್ಲಿ ಕೂತ ಇಬ್ಬರ ನಡುವೆ ಟಪಾಲು ಹಂಚಿ ಹಂಚಿ ಶಾಂತಪ್ಪನ ರೊಟ್ಟಿ ದಿನಾ ಆರುತ್ತಿತ್ತು. ನಾನು ಕಾಲು ಮುರಿದವನು, ನನ್ನ ಬಾಯಿಗೂ ಯಾಕೆ ದುಡಿಸುತ್ತೀರಿ ಅಂತ ಒಮ್ಮೆ ಅಂದು ನೋಡಿದ. ಇಬ್ಬರೂ ಒಟ್ಟಿಗೆ ಗದರಿದರು. ಆ ವಾರ ಅವರು ಕೂಡಿ ಮಾಡಿದ ಕೆಲಸ ಅದೊಂದೇ.

ಒಂದು ದಿನ ಶಾಂತಪ್ಪ ಕೋಲು ಹಿಡಿದು ಸುನಿತಾಳ ಹಿಂದೆ ಹತ್ತಿ ಹೊಲಕ್ಕೆ ಹೋದ. ಕೂತಲ್ಲೇ ಕೂತು ಹತ್ತಿಯಲ್ಲಿನ ಕಸ ಆರಿಸುತ್ತೇನೆ, ಅರ್ಧ ಕೂಲಿಯಾದರೂ ಬರಲಿ ಅಂದ. ಮಧ್ಯಾಹ್ನದೊಳಗೆ ಬಂಡಿಯಲ್ಲಿ ಹಾಕಿಕೊಂಡು ಮನೆಗೆ ತಂದರು. ಕಾಲು ಬಾತು ಬೋರಲು ಹಾಕಿದ ಕೊಡದ ಹಾಗೆ ಆಗಿತ್ತು. ಗೊಲ್ಲಾಳಮ್ಮ ಬಿಸಿನೀರು ಕಾಸಿ, ಬಟ್ಟೆ ಅದ್ದಿ ಒತ್ತತೊಡಗಿದಳು. ಬೆರಳಿಗೆ ಒಳಗಿನ ರಾಡಿನ ತುದಿ ತಗುಲಿತು. ಶಾಂತಪ್ಪ ನರಳಲಿಲ್ಲ, ಹಲ್ಲು ಕಚ್ಚಿ ತಾಯಿಯ ಭುಜ ಹಿಡಿದುಕೊಂಡ. ಈ ಕಾಲಿನ ಮೇಲೆ ಗುಲಾಬಿ ಹೂವಿನ ಚಾದರ ಹೊದಿಸಿದವಳು ನಾನೇ ಅಂತ ಅವಳಿಗೆ ಆಗ ಚುರಕ್ಕೆಂದಿತು. ಬಟ್ಟೆ ಹಿಂಡುತ್ತ ಹಿಂಡುತ್ತ ಅತ್ತಳು. ಮಗನ ಮುಂದೆ ಅವಳು ಹಾಗೆ ಅತ್ತದ್ದು ಅವನ ಅಪ್ಪ ಸತ್ತ ಮೇಲೆ ಅದೇ ಮೊದಲು.

ಮಾರನೆಯ ದಿನ ಯಾರಿಗೂ ಹೇಳದೆ ಕಾಲುವೆಯವರೆಗೆ ನಡೆದು, ಹೆಂಗಸರಿಗೆ ಪುಕ್ಕಟೆಯ ಬಸ್ಸು ಹತ್ತಿ ಶಹಾಪುರಕ್ಕೆ ಹೋದಳು. ನಾಲ್ಕು ಕಡೆ ಕೇಳಿ ಚಂದ್ರಕಲಾಳ ಆಫೀಸು ಹುಡುಕಿದಳು. ಒಳಗೆ ಕುರ್ಚಿ ಕೊಟ್ಟರೂ ಕೂಡಲಿಲ್ಲ.

"ಇನ್ನೊಮ್ಮಿ ಬಂದು ನೋಡ್ರಿ ಅಂತ ಬರಿ, ಯವ್ವ. ತಪ್ಪು ನಂದ."

ಮೇಲಿನವರಿಗೆ ಬರೆದುಕೊಳ್ಳಲು ಅವಕಾಶ ಉಂಟು, ಆದರೆ ಎರಡನೇ ಸಲ ನೋಡಿ ಬೇಡ ಅಂದರೆ ಆಯಿತು, ಮುಗಿಯಿತು ಅಂದಳು ಚಂದ್ರಕಲಾ. ಗೊಲ್ಲಾಳಮ್ಮ ಹೆಬ್ಬೆಟ್ಟು ಮುಂದೆ ಚಾಚಿದಳು.

ಅರ್ಜಿ ನಡೆಯಿತು. ಎಳ್ಳಮಾಸಿಗೆ ಮೂರು ವಾರ ಇರುವಾಗ, ಮಂಗಳವಾರ ಅದೇ ಸಾಹೇಬರು ಮತ್ತೆ ಬರುತ್ತಾರೆ ಅಂತ ಸುದ್ದಿ ಬಂತು. ಈ ಸಲ ಸುನಿತಾ ಕೂಲಿ ಬಿಟ್ಟು ಮನೆಯಲ್ಲೇ ಉಳಿದಳು. ಅತ್ತೆಗೆ ಹೊರಗೆ ಕಟ್ಟೆಯ ಮೇಲೆ ಕೂಡಬೇಕು, ತುಟಿ ಬಿಚ್ಚಬಾರದು ಅಂತ ಗಂಡನ ಮೂಲಕ ಅಪ್ಪಣೆಯಾಯಿತು. ಗೊಲ್ಲಾಳಮ್ಮ ತಪ್ಪಿತಸ್ಥೆ, ಹೋಗಿ ಕೂತಳು.

ಆದರೆ ಓಣಿ ಸುಮ್ಮನೆ ಕೂಡಬೇಕಲ್ಲ! ತನ್ನ ಟಿವಿಯಿಂದಲೇ ಒಬ್ಬ ಮನುಷ್ಯನ ಕಾಲು ಹೋಗುವ ಹಾಗಾಯಿತು ಅಂತ ಮಸ್ತಾನಬಿ ಎಷ್ಟೋ ದಿನದಿಂದ ಒಳಗೊಳಗೇ ಬೇಯುತ್ತಿದ್ದಳು. ಮನೆಯಲ್ಲಿ ಹೆಚ್ಚಿನದೇನೂ ಕಾಣಬಾರದು ಅಂತ ಸುನಿತಾ ಒಂದು ಮಾತು ಅಂದಳು, ಅಷ್ಟು ಸಾಕಾಯಿತು. ಮೊದಲು ಹೊರಸು ಹೋಯಿತು, ಸಾಹೇಬರು ಪೀಠೋಪಕರಣ ಅಂದಾರು ಅಂತ. ಆಮೇಲೆ ಕೊಡ ಹೋಯಿತು, ತಾಟು ಹೋದವು, ಕೌದಿ ಹೋಯಿತು. ಹುರುಪಿಗೆ ಬಿದ್ದ ಸುನಿತಾ ಹಗ್ಗದ ಮೇಲಿನ ಬಟ್ಟೆ ಗಂಟು ಕಟ್ಟಿ ಕೊಟ್ಟಳು. ರೊಟ್ಟಿಯ ಹಂಚು, ಹಿಟ್ಟು ನಾದುವ ಕೊಣಮಿಗೆ, ಕಡೆಗೆ ಉಪ್ಪಿನ ಡಬ್ಬಿ ಕೂಡ ಮಸ್ತಾನಬಿಯ ಮನೆ ಸೇರಿದವು. ಬೀಸುವ ಕಲ್ಲು ಮಾತ್ರ ಯಾರಿಂದಲೂ ಏಳಲಿಲ್ಲ. ಶಾಂತಪ್ಪನನ್ನು ಬರೀ ಗೋಣಿಚೀಲದ ಮೇಲೆ ಮಲಗಿಸಿ, ಸಾಹೇಬರು ಬಂದಾಗ ನರಳಬೇಕು ಅಂದರು. ನನಗೆ ಖರೇನೇ ನೋಯುತ್ತದೆ, ಬೇರೆ ನಾಟಕ ಯಾಕೆ ಅಂತ ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಟ್ಟೆಯ ಮೇಲಿನಿಂದ ಗೊಲ್ಲಾಳಮ್ಮ ಎಲ್ಲ ನೋಡುತ್ತಿದ್ದಳು. ತನ್ನ ಸೊಸೆಗೂ ತನಗೂ ಫರಕು ಬಹಳ ಇಲ್ಲ ಅಂತ ಅವಳಿಗೆ ಅವತ್ತು ಮೊದಲ ಸಲ ಅನ್ನಿಸಿತು.

ಸಂಜೀವಕುಮಾರ ಚಂದ್ರಕಲಾಳ ಜೊತೆ ಬಂದರು. ಒಳಗೆ ಕಾಲಿಟ್ಟವರು ನಾಲ್ಕು ಗೋಡೆ ನೋಡಿದರು, ತಣ್ಣಗಿನ ಒಲೆ ನೋಡಿದರು, ಹೇಳಿಕೊಟ್ಟ ಹಾಗೆ ನರಳುತ್ತಿದ್ದ ಶಾಂತಪ್ಪನನ್ನು ನೋಡಿದರು. ಮುಖ ಬಿಗಿಯಿತು.

"ಹೋದ ಸಲ ಟಿವಿ ಇತ್ತು, ಗಾಡಿ ಇತ್ತು. ಈ ಸಲ ನೀರು ಕುಡಿಯಾಕ ಒಂದು ಚಂಬು ಇಲ್ಲ. ಇಲ್ಲಿ ಯಾರೂ ವಾಸ ಇಲ್ಲ ಅಂತ ಬರೀಬೇಕಾಗ್ತದ. ಎರಡರಾಗ ಒಂದು ನಾಟಕ. ಯಾವುದು ಅಂತ ನೀವ ಹೇಳ್ರಿ."

ಸುನಿತಾ ಗಂಡನ ಕಡೆ ತಿರುಗಿದಳು, ಅವನು ತಗಡು ನೋಡುತ್ತಿದ್ದ. ಬಾಗಿಲಲ್ಲಿ ಮಸ್ತಾನಬಿ ಸೆರಗು ಬಾಯಿಗೆ ಇಟ್ಟುಕೊಂಡಳು. ಸಾಹೇಬರು ಮೊಬೈಲು ತೆಗೆದು ಬರೆಯತೊಡಗಿದರು. ಆಗ ಗೊಲ್ಲಾಳಮ್ಮ ಕಟ್ಟೆಯಿಂದ ಎದ್ದು ಒಳಗೆ ಬಂದಳು.

"ಎರಡೂ ನಾಟಕರಿ, ಸಾಹೇಬ್ರ. ಮೊದಲಿಂದು ನಂದು, ಇದು ನನ್ನ ಸೊಸಿದು. ಒಂದೀಟು ತಡೀರಿ, ಖರೇದು ತೋರಿಸ್ತೀನಿ."

ಬಾಗಿಲಿಗೆ ತಿರುಗಿ, ಮಸ್ತಾನಬಿ, ನಮ್ಮದು ಏನದ ಅಷ್ಟನ್ನೇ ತಾ, ನಿನ್ನದೊಂದು ಚಮಚ ಕೂಡ ಬರಬಾರದು ಅಂದಳು. ಓಣಿಯ ಹೆಂಗಸರು ತಲೆ ತಗ್ಗಿಸಿಕೊಂಡು ತಂದಿಡತೊಡಗಿದರು. ನುಲಿ ಹರಿದ ಹೊರಸು ಬಂತು. ಸೋರುವ ಕೊಡ ಬಂತು, ಅದರ ಕೆಳಗಿಡುವ ಡಬ್ಬಿ ಬಂತು. ಮೂರು ತಾಟು, ಒಂದು ಚಂಬು, ಹಂಚು, ಕೊಣಮಿಗೆ, ಚಿಂದಿ ಹೊರಗೆ ಬಂದ ಕೌದಿ, ಬಟ್ಟೆಯ ಗಂಟು, ಉಪ್ಪು. ಇನ್ನೂ ಏನಾದರೂ ಬರುತ್ತದೆ ಅಂತ ಸಂಜೀವಕುಮಾರ ಬಾಗಿಲು ನೋಡುತ್ತ ನಿಂತಿದ್ದರು. ಏನೂ ಬರಲಿಲ್ಲ. ಇಡೀ ಸಂಸಾರ ನಾಲ್ಕು ನಿಮಿಷದಲ್ಲಿ ಮನೆಯೊಳಗೆ ಬಂದು ಮುಗಿದಿತ್ತು.

"ಇಷ್ಟರಿ," ಅಂದಳು ಗೊಲ್ಲಾಳಮ್ಮ. "ಈಗ ಅವತ್ತಿನಂಗ ಕೇಳ್ರಿ."

ಸಂಜೀವಕುಮಾರ ಹೊರಸಿನ ತುದಿಗೆ ಕೂತು ಕೇಳಿದರು. ಟಿವಿ? ಇಲ್ಲರಿ. ಫ್ಯಾನು? ಇಲ್ಲರಿ. ಗಾಡಿ? ಇಲ್ಲರಿ. ಹೊಲ? ಇಲ್ಲರಿ. ಎಮ್ಮೆ? ಗೊಲ್ಲಾಳಮ್ಮ ಸ್ವಲ್ಪ ತಡೆದಳು. ಇಲ್ಲರಿ ಅಂದಳು. ಓಣಿಯ ಮಂದಿಯೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಒಂದೊಂದು 'ಇಲ್ಲ' ಹೇಳುವಾಗಲೂ ಮುದುಕಿಗೆ ಮೈಮೇಲಿನ ಸೀರೆ ಎಳೆದ ಹಾಗೆ ಆಗುತ್ತಿತ್ತು. ಆದರೂ ತಲೆ ತಗ್ಗಿಸದೆ ಹೇಳಿದಳು. ಕಡೆಗೆ ಮಗನ ಹತ್ತಿರ ಕೂತು ಕಾಲಿನ ಪಟ್ಟಿ ಬಿಚ್ಚಿದಳು.

"ಅವತ್ತು ಉಳುಕ್ಯಾದ ಅಂದಿದ್ದೆ. ಸುಳ್ಳ ಹೇಳಿದ್ದೆ, ಯಪ್ಪಾ. ನೋಡ್ರಿ."

ಸಂಜೀವಕುಮಾರ ಬಗ್ಗಿ ನೋಡಿದರು, ಬಹಳ ಹೊತ್ತು ನೋಡಲಾಗದೆ ಎದ್ದರು. ಸುನಿತಾ ಡಾಕ್ಟರ ಕಾಗದದ ಝರಾಕ್ಸ್ ಮುಂದೆ ಹಿಡಿದಳು. ಅದನ್ನು ಓದಿ, ಮೊಬೈಲಿನಲ್ಲಿ ಮೊದಲು ಬರೆದದ್ದನ್ನು ಅಳಿಸಿ ಹೊಸದಾಗಿ ಬರೆದರು. ಚಂದ್ರಕಲಾ ಹೆಗಲ ಮೇಲಿಂದ ಇಣುಕಿ ನೋಡಿ ಕಣ್ಣರಳಿಸಿದಳು. ಮಂಜೂರಿಗೆ ಕಳಿಸಿದ್ದೇನೆ, ಹತ್ತು ಹನ್ನೆರಡು ದಿನದಲ್ಲಿ ಕಾರ್ಡು ಕೈಗೆ ಬರುತ್ತದೆ, ಎಳ್ಳಮಾಸಿಗೆ ಇನ್ನೂ ಇಪ್ಪತ್ತು ದಿನ ಇದೆ, ಆಸ್ಪತ್ರೆಗೆ ಹೊರಡುವ ತಯಾರಿ ಮಾಡಿಕೊಳ್ಳಿ ಅಂದರು ಸಂಜೀವಕುಮಾರ. ಶಾಂತಪ್ಪ ನರಳುವುದನ್ನು ಎಂದೋ ಮರೆತಿದ್ದ. ಗೋಣಿಚೀಲದ ಮೇಲೆ ಎದ್ದು ಕೂತು ಎರಡೂ ಕೈ ಜೋಡಿಸಿದ.

ಸಾಹೇಬರು ಹೊರಡಲು ಎದ್ದರು, ಮತ್ತೆ ನಿಂತರು. ಅವತ್ತಿನ ಶಿರಾ ನೆನಪಾಯಿತೋ, ಮುದುಕಿಯ ಮುಖ ನೋಡಿ ಹಾಗೇ ಹೋಗಲು ಕಾಲು ಬರಲಿಲ್ಲವೋ, ಯಾರಿಗೆ ಗೊತ್ತು.

"ಅಮ್ಮಾ, ಇದು ಕಾಗದದಾಗ ಇಲ್ಲ, ಸುಮ್ನ ಕೇಳಾಕತ್ತೀನಿ. ಒಂದ ಕಪ್ ಚಾ ಸಿಗ್ತದೇನು?"

ಗೊಲ್ಲಾಳಮ್ಮ ಒಲೆಯ ಕಡೆ ನೋಡಿದಳು. ಚಹಾಪುಡಿ ಒಂದು ಚಿಟಿಕೆ ಇದ್ದೀತು. ಹಾಲು ಇಲ್ಲ, ಸಕ್ಕರೆ ಮುಗಿದು ವಾರವಾಗಿತ್ತು. ಅಷ್ಟು 'ಇಲ್ಲ' ಹೇಳಿದ ಬಾಯಿಗೆ ಇದೊಂದು 'ಇಲ್ಲ' ಹೇಳಲು ಆಗಲಿಲ್ಲ. ಬಾಗಿಲಲ್ಲಿ ಮಸ್ತಾನಬಿ ಸಕ್ಕರೆಗೆ ಓಡಲು ಆಗಲೇ ತಿರುಗಿದ್ದಳು. ಸುನಿತಾ ಕಣ್ಣಲ್ಲೇ ಅವಳನ್ನು ತಡೆದು, ಅತ್ತೆಯ ಮುಂದೆ ಬಂದು ನಿಂತಳು.

"ಯಾಕ ಸಿಗೂದಿಲ್ರಿ, ಸಾಹೇಬ್ರ. ಆದ್ರ ನಮ್ಮ ಮನ್ಯಾಗ ಯಾರಿಗೂ ಸಿಹಿ ಚಾ ಸೇರೂದಿಲ್ಲ. ಕರೇ ಚಾ, ಸಪ್ಪಂದು, ನಡೀತದೇನ್ರಿ?" ಅಂದಳು. ಆಮೇಲೆ ಹಿಂದೆ ತಿರುಗಿ, "ಅತ್ತಿ, ನೀವು ಒಲಿ ಹಚ್ಚರಿ, ನಾ ನೀರು ತರ್ತೀನಿ," ಅಂದಳು.

ಆ 'ಅತ್ತಿ' ಗೊಲ್ಲಾಳಮ್ಮನ ಕಿವಿಗೆ ಬಿದ್ದು ಐದು ವಾರವಾಗಿತ್ತು. ಕಟ್ಟಿಗೆ ಮುರಿದು ಒಲೆ ಹಚ್ಚಿದಳು. ಮನೆಯ ಒಂದೇ ಚಂಬಿನಲ್ಲಿ ಚಹಾ ಬಂತು. ಸಂಜೀವಕುಮಾರ ಸಪ್ಪನೆಯ ಕರಿ ಚಹಾವನ್ನು ಕಡೆಯ ಗುಟುಕಿನವರೆಗೆ ಕುಡಿದರು. ಕುಡಿದು ಮುಗಿಸುವವರೆಗೆ ಒಮ್ಮೆಯೂ ತಲೆ ಎತ್ತಿ ಜಂತಿಯ ಕಡೆ ನೋಡಲಿಲ್ಲ.